ಮೇಲಿನ ಮನೆಯವರ ಮಂಡಿ, ನಮ್ಮ ಮನೆಯ ಕಾಫಿ

ನಮ್ಮ ಅಳಿಯಂದಿರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಿ, ಇಲ್ಲದಿದ್ದರೆ ಮುಖ ಗಂಟು ಹಾಕಿಕೊಂಡು ಬರುವುದು ಅವರ ಕೆಲಸ. ಊರಿನ ತಕ್ಕಡಿಗಳೆಲ್ಲ ಮುಗಿದುಹೋದವೋ ಏನೋ, ಆರು ತಿಂಗಳ ಹಿಂದೆ ಅವರ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು.

ಮೊದಲು ಬಂದದ್ದು ಅಂಗೈ ಅಗಲದ ಒಂದು ತಕ್ಕಡಿ. ಆಮೇಲೆ ಹಿಡಿ ತಿರುಗಿಸಿ ಬೀಜ ಪುಡಿ ಮಾಡುವ ಡಬ್ಬಿ. ಅದರ ಹಿಂದೆಯೇ ಲಾಳಿಕೆಯಂಥ ಪಿಂಗಾಣಿ ಬಟ್ಟಲು, ಅದರೊಳಗೆ ಹಾಸುವ ಕಾಗದ, ಕೊಕ್ಕರೆ ಕತ್ತಿನ ಕರೆಂಟ್ ಕೆಟಲ್, ಕೊನೆಗೆ ಕೊರಳಿಗೆ ನೇತುಹಾಕಿಕೊಳ್ಳುವ ಸ್ಟಾಪ್‌ವಾಚ್. ಒಂದು ಕಪ್ ಕಾಫಿಗೆ ಇಷ್ಟು ಸಾಮಾನು. ಇಷ್ಟರಲ್ಲಿ ಒಂದು ಹೆರಿಗೆ ಮಾಡಿಸಬಹುದು.

ಅಳಿಯಂದಿರು ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಬಂದು ಹದಿನೈದು ಗ್ರಾಂ ಬೀಜ ತೂಗುತ್ತಾರೆ. ಒಂದು ಬೀಜ ಹೆಚ್ಚಾದರೆ ತೆಗೆಯುತ್ತಾರೆ. ಮುಕ್ಕಾಲು ಬೀಜ ಸಿಗುತ್ತದೆಯೇ ಎಂದು ಡಬ್ಬಿಯಲ್ಲಿ ಹುಡುಕುತ್ತಾರೆ. ಪುಡಿಯ ಮೇಲೆ ಬಿಸಿನೀರು ಸ್ವಲ್ಪವೇ ಸುರಿದು ಮೂವತ್ತು ಸೆಕೆಂಡು ಕೈ ಕಟ್ಟಿ ನಿಲ್ಲುತ್ತಾರೆ. ಪುಡಿ ಉಬ್ಬಬೇಕಂತೆ, ಉಸಿರು ಬಿಡಬೇಕಂತೆ. ಇಡೀ ದಿನ ದುಡಿದು ಬಂದ ಮಗಳಿಗೆ ಉಸಿರು ಬಿಡಲು ಈ ಮನೆಯಲ್ಲಿ ಮೂವತ್ತು ಸೆಕೆಂಡು ಸಿಕ್ಕಿದ್ದನ್ನು ನಾನು ಕಂಡಿಲ್ಲ, ಕಾಫಿಪುಡಿಗೆ ಸಿಕ್ಕಿತು. ಆಮೇಲೆ ಸುತ್ತ ಸುತ್ತ ನೀರು ಸುರಿಯುತ್ತಾರೆ, ಒಟ್ಟು ಇನ್ನೂರ ನಲವತ್ತು ಗ್ರಾಂ. ನೀರನ್ನೂ ತೂಗುತ್ತಾರೆ, ಹೌದು. ಮೂರೂವರೆ ನಿಮಿಷಕ್ಕೆ ಸ್ಟಾಪ್‌ವಾಚ್ ಕೀಚ್ ಎನ್ನುತ್ತದೆ, ಅಳಿಯಂದಿರ ಮುಖ ಅರಳುತ್ತದೆ.

ನನ್ನ ವಿಧಾನದಲ್ಲಿ ಇಷ್ಟೆಲ್ಲ ವೈಭವವಿಲ್ಲ. ಪಾತ್ರೆಯಲ್ಲಿ ನೀರು ಕುದಿಸಿ, ಉರಿ ಸಣ್ಣ ಮಾಡಿ, ಕಪ್ಪಿಗೊಂದು ಹಿಡಿ ಪುಡಿ ಹಾಕಿ, ತಟ್ಟೆ ಮುಚ್ಚುವುದು. ಹದಕ್ಕೆ ಬಂದ ಮೇಲೆ ತಂತಿಯ ಹಿಡಿಯಿರುವ ಬಟ್ಟೆಚೀಲದಲ್ಲಿ ಸೋಸುವುದು. ಹದ ಯಾವಾಗ ಬಂತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೊದಲು ಹಸಿ ವಾಸನೆ, ಆಮೇಲೆ ಬ್ರೆಡ್ ಸುಟ್ಟಂಥ ವಾಸನೆ, ಆಮೇಲೆ ಅದು ಒಂದು ಗಳಿಗೆ ಸಿಹಿಗೆ ತಿರುಗುತ್ತದೆ. ತಿರುಗಿದ ಕೂಡಲೇ ಸೋಸಬೇಕು. ಬಿಸ್ಕತ್ತು ಕಾರ್ಖಾನೆಯ ಒಲೆ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ನಿಂತವಳು ನಾನು. ಯಂತ್ರದ ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ನನ್ನ ಮೂಗು ‘ತೆಗೀರಿ’ ಎನ್ನುತ್ತಿತ್ತು, ಅವರು ತೆಗೆಯುತ್ತಿದ್ದರು. ನನ್ನನ್ನು ಅಲ್ಲಿ ಮೂಗು ಮೇಡಂ ಎಂದೇ ಕರೆಯುತ್ತಿದ್ದದ್ದು. ಗಡಿಯಾರ ನೋಡಿ ಅಡುಗೆ ಮಾಡುವವರನ್ನು ಜೀವನಪೂರ್ತಿ ಆಡಿಕೊಂಡು ನಕ್ಕಿದ್ದೇನೆ. ನನ್ನ ಅಡುಗೆಮನೆಯಲ್ಲಿ ಗಡಿಯಾರಕ್ಕೆ ಜಾಗವನ್ನೇ ಕೊಟ್ಟಿಲ್ಲ.

ಈಗ ಒಂದು ಗುಟ್ಟು ಹೇಳುತ್ತೇನೆ. ನನ್ನ ಮಗಳಿಂದಲೂ ಮುಚ್ಚಿಟ್ಟಿದ್ದ ಗುಟ್ಟು ಅದು.

ಒಂದೂವರೆ ವರ್ಷದ ಹಿಂದೆ ಒಂದು ವಾರ ಜ್ವರ ಬಂತು. ಜ್ವರ ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಸೋಪಿಗೆ ವಾಸನೆಯಿಲ್ಲ, ಈರುಳ್ಳಿಗೆ ವಾಸನೆಯಿಲ್ಲ, ಕಾಫಿ ಎಂದರೆ ಬಿಸಿಯಾದ ಕಹಿ ನೀರು. ಡಾಕ್ಟರು ‘ಬಂದ್ರೂ ಬರಬಹುದು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಳಿಸಿದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಆ ಮೂಗಿನಲ್ಲಿ ಈಗ ಉಳಿದಿರುವುದು ಅದೊಂದೇ.

ಮಗಳಿಗೆ ಯಾಕೆ ಹೇಳಲಿಲ್ಲ ಅಂದರೆ, ಅವಳ ಕೆಲಸ ಅಂಥದ್ದು. ಅವಳು ಗ್ಯಾಸ್ ಏಜೆನ್ಸಿಯ ದೂರು ವಿಭಾಗದಲ್ಲಿ ಫೋನ್ ಎತ್ತುತ್ತಾಳೆ. ಹನ್ನೊಂದು ವರ್ಷದಿಂದ ದಿನಕ್ಕೆ ನೂರು ಸಲ ಅವಳು ಕೇಳುವ ಮೊದಲ ಪ್ರಶ್ನೆ ‘ವಾಸನೆ ಬರ್ತಿದೆಯಾ?’ ಎಂಬುದು. ಮನೆಗೆ ಬಂದರೂ ಚಪ್ಪಲಿ ಬಿಡುವ ಮೊದಲು ಒಮ್ಮೆ ಮೂಸುತ್ತಾಳೆ. ನನಗೆ ವಾಸನೆ ತಿಳಿಯುವುದಿಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಒಲೆ ನನ್ನ ಕೈತಪ್ಪುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವ ಕೆಲಸವೊಂದಿದೆ ಎಂದೇ ನಾನು ಏಳುವುದು. ಅದೂ ಹೋದರೆ ನಾನು ಈ ಮನೆಯಲ್ಲಿ ಕುರ್ಚಿಯ ಮೇಲಿಟ್ಟ ಇನ್ನೊಂದು ದಿಂಬು. ನನಗೆ ಅದರ ಭಯವಿತ್ತು, ಮುಚ್ಚಿಟ್ಟುಕೊಂಡು ಏನು.

ಹಾಗಾದರೆ ಹದ ಹೇಗೆ ತಿಳಿಯುವುದು? ಗಡಿಯಾರ ತಂದರೆ ಮಾನ ಹೋಗುತ್ತದೆ. ಯೋಚಿಸಿ ಯೋಚಿಸಿ ಕೊನೆಗೆ ನನಗೊಂದು ಗಡಿಯಾರ ಸಿಕ್ಕಿತು, ಮೇಲಿನ ಮನೆಯಲ್ಲಿ.

ಮೇಲಿನ ಮನೆಯಲ್ಲಿರುವುದು ನಿವೃತ್ತ ಲೈಬ್ರರಿ ಮೇಡಂ. ಒಬ್ಬರೇ ಇರುತ್ತಾರೆ, ಬಲು ಶಿಸ್ತು. ಬೆಳಿಗ್ಗೆ ಆರೂವರೆಗೆ ಅವರ ಬಾಗಿಲು ತೆರೆದ ಸದ್ದು, ಬೀಗ ಹಾಕಿದ ಸದ್ದು, ಎಳೆದು ನೋಡಿದ ಸದ್ದು. ಆಮೇಲೆ ಇಪ್ಪತ್ತೆರಡು ಮೆಟ್ಟಿಲು ಇಳಿದು, ಕೆಳಗಿನ ಅಂಚೆಪೆಟ್ಟಿಗೆಯಲ್ಲಿ ಕೈಯಾಡಿಸಿ, ಗೇಟು ಎಳೆದುಕೊಂಡು ವಾಕಿಂಗ್ ಹೋಗುತ್ತಾರೆ. ಬಾಗಿಲಿನಿಂದ ಗೇಟಿಗೆ ನಾಲ್ಕು ನಿಮಿಷ. ಇದನ್ನು ನಾನು ಮೂರು ದಿನ ಮಗಳ ಫೋನ್ ಹಿಡಿದು ಕದ್ದು ಅಳೆದಿದ್ದೆ. ಅಂದಿನಿಂದ ಮೇಲೆ ಬಾಗಿಲು ಕಿರುಗುಟ್ಟಿದರೆ ಪುಡಿ ಹಾಕುವುದು, ಕೆಳಗೆ ಗೇಟು ಬಡಿದರೆ ಸೋಸುವುದು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಕಾಫಿ ಹೇಗಾಗುತ್ತಿದೆ ಎಂದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಮಗಳು ಒಂದು ಚಮಚ ಸಕ್ಕರೆಯಿಂದ ಮೂರಕ್ಕೆ ಹೋದಳು. ವಯಸ್ಸಾಗುತ್ತಿದೆ, ಸಿಹಿ ಬೇಕೆನಿಸುತ್ತದೆ, ಪಾಪ, ಎಂದುಕೊಂಡೆ. ಅಳಿಯಂದಿರು ಕಪ್ ಹಿಡಿದು ಕಿಟಕಿಯ ಹತ್ತಿರ ನಿಂತು ಕುಡಿಯುವ ಅಭ್ಯಾಸ ಮಾಡಿಕೊಂಡರು. ಕಿಟಕಿಯಲ್ಲಿದ್ದ ಹೂವಿನ ಗಿಡ ಒಣಗಿ ಸತ್ತುಹೋಯಿತು. ನರ್ಸರಿಯವನು ಮೋಸ ಮಾಡಿದ ಎಂದು ಬೈದೆ. ನನ್ನ ನಾಲಿಗೆಗೂ ಕಹಿ ಹೆಚ್ಚಾಗಿದೆ ಅನ್ನಿಸುತ್ತಿತ್ತು, ಆದರೆ ಮೂಗಿಲ್ಲದವಳ ನಾಲಿಗೆಯ ಮಾತಿಗೆ ಏನು ಬೆಲೆ ಎಂದು ಸುಮ್ಮನಾದೆ.

ಅಳಿಯಂದಿರ ಸಾಮಾನುಗಳು ಬಂದದ್ದು ಇದಾದ ಮೇಲೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಅವರಿಗೆ ಅದೊಂದು ಹವ್ಯಾಸ ಅಮ್ಮ, ಬಿಡು,” ಎಂದಳು ಮಗಳು.

“ಹವ್ಯಾಸಕ್ಕೆ ಸ್ಟಾಂಪ್ ಕೂಡಿಸ್ತಾರೆ ಜನ. ಅತ್ತೆಯ ಒಲೆ ಪಕ್ಕ ತಕ್ಕಡಿ ಇಡಲ್ಲ,” ಎಂದೆ.

ಅಳಿಯಂದಿರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ನನ್ನ ಮುಂದೆ ಎರಡು ಪುಟ್ಟ ಕಪ್ ಇಟ್ಟು, “ಅತ್ತೆ, ಯಾವುದು ಚೆನ್ನಾಗಿದೆ ನೋಡಿ ಹೇಳಿ,” ಎನ್ನತೊಡಗಿದರು. ಮೂಗು ಮೇಡಂ ಅಲ್ಲವೇ, ಸುಮ್ಮನಿರಲು ಆಗುತ್ತದೆಯೇ. ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿದು, ಗಂಭೀರವಾಗಿ ಉಸಿರೆಳೆದುಕೊಂಡು, “ಇದರ ವಾಸನೆ ತೆಳು, ಅದರದ್ದು ಗಟ್ಟಿ. ಇದು ಸ್ವಲ್ಪ ಹಸಿ ಹಸಿ,” ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವರು ಅದನ್ನು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಇಲಾಖೆಯವರನ್ನು ಮೋಸಗೊಳಿಸುವುದು ಇಷ್ಟು ಸುಲಭವಾದರೆ ಊರಿನ ಅಂಗಡಿಗಳ ಗತಿಯೇನು ಎಂದು ಒಳಗೊಳಗೇ ನಗುತ್ತಿದ್ದೆ.

ಹೋದ ಭಾನುವಾರ ನನ್ನ ನಾಲಿಗೆ ನನಗೇ ಕೈಕೊಟ್ಟಿತು. ಹಿಂದಿನ ದಿನ ಅಳಿಯಂದಿರು ಕಾಗದ ಹಾಸಿದ ಲಾಳಿಕೆಯನ್ನು ಹೊಗಳುತ್ತಿದ್ದಾಗ ನಾನು ಸುಮ್ಮನಿರಲಾರದೆ, “ನನ್ನ ಬಟ್ಟೆಚೀಲದ ಮುಂದೆ ನಿಮ್ಮ ಕಾಗದ ನಿಲ್ಲಲ್ಲ. ಬೇಕಾದ್ರೆ ಹೊರಗಿನವರನ್ನ ಕರೆದು ಕುಡಿಸಿ ನೋಡೋಣ,” ಎಂದುಬಿಟ್ಟಿದ್ದೆ.

“ಆಗಲಿ ಅತ್ತೆ. ಯಾರನ್ನ ಕರೆಯೋಣ?”

“ಲೈಬ್ರರಿ ಮೇಡಂ ಅವರನ್ನ ಕರೀರಿ. ಓದಿಕೊಂಡವರು, ನ್ಯಾಯವಾಗಿ ಹೇಳ್ತಾರೆ,” ಎಂದೆ, ಮಹಾ ಜಾಣೆಯಂತೆ.

ಭಾನುವಾರ ಬೆಳಿಗ್ಗೆ ಆರೂಕಾಲಿಗೇ ಮೇಡಂ ಬಂದರು. ಒಂದೊಂದೇ ಹೆಜ್ಜೆ ಇಟ್ಟು ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಮಂಡಿ ಉಜ್ಜಿಕೊಂಡರು. “ವರ್ಷ ಆಗ್ತಾ ಬಂತು ನೋಡಿ, ಮೆಟ್ಟಿಲು ಇಳಿಯೋದೇ ಒಂದು ಯುದ್ಧ ಆಗಿದೆ. ನಿಂತು ನಿಂತು ಇಳೀತೀನಿ,” ಎಂದರು. ನಾನು ‘ಅಯ್ಯೋ ಪಾಪ’ ಎಂದು ನೀರು ಕುದಿಯಲು ಇಟ್ಟೆ. ಅವರು ಹೇಳಿದ್ದರ ಅರ್ಥ ಆಗ ನನ್ನ ತಲೆಗೆ ಹೋಗಲಿಲ್ಲ.

ಮಗಳು ಹೊರಗೆ ಬಟ್ಟೆ ಹರವುತ್ತಿದ್ದಳು. ಅಳಿಯಂದಿರು ಮೇಜಿನ ಮೇಲೆ ತಮ್ಮ ಸಂಸಾರ ಹರಡಿಕೊಂಡಿದ್ದರು. ನೀರು ಕುದಿಯಿತು. ಪುಡಿಯ ಡಬ್ಬಿ ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಸೂರು ನೋಡುತ್ತಾ, ಮೇಲಿನ ಬಾಗಿಲು ಕಿರುಗುಟ್ಟುವುದನ್ನು ಕಾಯುತ್ತಾ ನಿಂತೆ.

ಕಿರುಗುಟ್ಟಲು ಮೇಲೆ ಯಾರಿದ್ದಾರೆ? ನನ್ನ ಗಡಿಯಾರ ನನ್ನ ಎದುರಿಗೇ ಕುರ್ಚಿಯಲ್ಲಿ ಕೂತು ಮಂಡಿ ಉಜ್ಜಿಕೊಳ್ಳುತ್ತಿತ್ತು.

ಇನ್ನು ನಿಂತರೆ ಅನುಮಾನ ಬರುತ್ತದೆಂದು ಪುಡಿ ಸುರಿದೆ. ಈಗ ಗೇಟಿನ ಸದ್ದೂ ಇಲ್ಲ. ಮನಸ್ಸಿನಲ್ಲೇ ಎಣಿಸಲು ಹೊರಟೆ. ನಲವತ್ತಕ್ಕೆ ಬಂದಾಗ ಮೇಡಂ ಮಂಡಿಗೆ ಹಚ್ಚುವ ಎಣ್ಣೆಯ ವಿಷಯ ತೆಗೆದರು, ಎಣಿಕೆ ಎಲ್ಲೋ ಹೋಯಿತು. ಗಾಬರಿಯಲ್ಲಿ ಉರಿ ಸಣ್ಣ ಮಾಡುವುದನ್ನೂ ಮರೆತಿದ್ದೆ. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಥಟ್ಟನೆ ಪಾತ್ರೆ ಇಳಿಸಿ, ಅಂಗೈ ಸುಟ್ಟುಕೊಂಡು, ಬಟ್ಟೆಚೀಲದಲ್ಲಿ ಸೋಸಿ, ನಗುನಗುತ್ತಾ ಮೇಡಂ ಮುಂದೆ ಕಪ್ ಇಟ್ಟೆ. ಅವರೊಂದು ಗುಟುಕು ಕುಡಿದರು. “ಚೆನ್ನಾಗಿದೆ,” ಎಂದರು. ಎರಡನೆಯ ಗುಟುಕಿಗೆ ಮುಂಚೆ ಮೂಗು ಅರಳಿಸಿ ಆಚೀಚೆ ನೋಡಿದರು.

ಅಷ್ಟರಲ್ಲಿ ಅಳಿಯಂದಿರು ಎದ್ದರು. ಸದ್ದಿಲ್ಲದೆ ನನ್ನ ಹಿಂದಿನಿಂದ ಕೈಚಾಚಿ ಒಲೆಯ ಗುಬುಟು ತಿರುಗಿಸಿದರು. ಕಿಟಕಿಯ ಎರಡೂ ಬಾಗಿಲು ತೆರೆದರು. ಕುತೂಹಲಕ್ಕೆ ಕೆಟಲಿನ ಗುಂಡಿ ಒತ್ತಿ ನೋಡಲು ಹೊರಟಿದ್ದ ಮೇಡಂ ಅವರ ಕೈಯನ್ನು ಮೆಲ್ಲಗೆ ಸರಿಸಿ, “ಈಗ ಬೇಡ ಮೇಡಂ, ಸ್ವಲ್ಪ ಹೊರಗೆ ಕೂತ್ಕೊಳ್ಳೋಣ,” ಎಂದರು. ನಾನು ತಿರುಗಿ ಒಲೆ ನೋಡಿದೆ. ಉಕ್ಕಿದ ಕಾಫಿಗೆ ಉರಿ ಯಾವಾಗಲೋ ಆರಿಹೋಗಿತ್ತು. ಅಷ್ಟು ಹೊತ್ತೂ ಗ್ಯಾಸ್ ಬರುತ್ತಲೇ ಇತ್ತು, ನಾನು ಅದಕ್ಕೆ ಬೆನ್ನು ಹಾಕಿ ನಗುತ್ತಾ ನಿಂತಿದ್ದೆ.

ಮಗಳು ಒದ್ದೆ ಟವೆಲ್ ಹಿಡಿದೇ ಓಡಿಬಂದಳು. “ವಾಸನೆ ಬರ್ತಿದೆ. ಯಾರು ಬಿಟ್ಟಿದ್ದು?”

ನಾನು ಸೋಸಿದ ಬಟ್ಟೆಚೀಲ ಹಿಂಡುತ್ತಾ ನಿಂತೆ.

“ನಾನೇ,” ಎಂದರು ಅಳಿಯಂದಿರು. “ಕೆಟಲ್ ನೀರು ಒಲೆ ಮೇಲೆ ಚೆಲ್ಲಿಬಿಟ್ಟೆ. ಉರಿ ಆರಿದ್ದು ನೋಡಲಿಲ್ಲ.”

“ಮನೆ ತುಂಬ ಅಳತೆ ಸಾಮಾನು ಇಟ್ಕೊಂಡು ಇಷ್ಟು ಗೊತ್ತಾಗಲ್ವಾ ನಿಮಗೆ? ಅಮ್ಮ ಪಕ್ಕದಲ್ಲೇ ಇದ್ಲು. ಏನಾದ್ರೂ ಆಗಿದ್ರೆ?” ಮಗಳು ಗಂಡನನ್ನು ಮೇಡಂ ಎದುರಿಗೇ ಚೆನ್ನಾಗಿ ಜಾಡಿಸಿದಳು. ಅಳಿಯಂದಿರು ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡೇ ತಲೆ ತಗ್ಗಿಸಿ ಕೇಳಿಸಿಕೊಂಡರು. ಆರು ತಿಂಗಳಿಂದ ಅವರು ಹೀಗೆ ಬೈಸಿಕೊಳ್ಳುವುದನ್ನು ನೋಡಬೇಕೆಂದು ಕಾದಿದ್ದವಳು ನಾನು. ನೋಡಲು ಆಗಲಿಲ್ಲ, ನಾಚಿಕೆಯಾಯಿತು.

ಮಧ್ಯಾಹ್ನ ಮಗಳು ಮಲಗಿದ ಮೇಲೆ ಅಳಿಯಂದಿರು ಮೇಜಿನ ಹತ್ತಿರ ಕೂತು ತಕ್ಕಡಿ ಒರೆಸುತ್ತಿದ್ದರು. ಎದುರು ಕುರ್ಚಿ ಎಳೆದುಕೊಂಡೆ.

“ಯಾವಾಗಿಂದ ಗೊತ್ತು ನಿಮಗೆ?”

“ಹನ್ನೊಂದು ತಿಂಗಳಾಯ್ತು ಅತ್ತೆ.”

“ಹೇಗೆ?”

ಅವರು ಕನ್ನಡಕ ತೆಗೆದು ಒರೆಸಿದರು. “ನೀವು ಪುಡಿ ಹಾಕಿದ ಮೇಲೆ ಪಾತ್ರೆ ನೋಡಲ್ಲ, ಸೂರು ನೋಡ್ತೀರಿ. ಯಾಕೆ ಅಂತ ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಮೇಡಂ ಮೂರು ದಿನ ತಂಗಿ ಮನೆಗೆ ಹೋಗಿದ್ರಲ್ಲ, ಮೊದಲನೇ ದಿನ ನಮಗೆ ಕಾಫಿ ಬಂದಿದ್ದು ಏಳೂವರೆಗೆ. ವಾಪಸ್ ಬಂದ ಮೇಲೆ ಅಳೆದು ನೋಡಿದೆ. ಬಾಗಿಲಿಂದ ಗೇಟಿಗೆ ಏಳು ನಿಮಿಷ. ಚಳಿ ಶುರುವಾದ ಮೇಲೆ ಒಂಬತ್ತು. ಈಗೀಗ ಹನ್ನೊಂದು. ಅವರ ಮಂಡಿ ನೋವು ಹೆಚ್ಚಾದ ಹಾಗೆಲ್ಲ ನಮ್ಮ ಕಾಫಿ ಕಹಿ ಆಗ್ತಾ ಬಂತು.”

ಒಂದು ವರ್ಷ ಈ ಮನೆಯವರು ಕುಡಿದದ್ದು ಕಾಫಿಯಲ್ಲ, ಮೇಲಿನ ಮನೆಯವರ ಮಂಡಿನೋವು.

“ಮತ್ತೆ ಆ ಎರಡು ಕಪ್?”

“ಆರು ತಿಂಗಳಿಂದ ಎರಡರಲ್ಲೂ ಒಂದೇ ಕಾಫಿ ಅತ್ತೆ,” ಎಂದರು ಅಳಿಯಂದಿರು, ಬಹಳ ಮರ್ಯಾದೆಯಿಂದ. “ನೀವು ಪ್ರತಿ ಸಲ ಬೇರೆ ಬೇರೆ ಹೇಳ್ತಿದ್ರಿ. ಒಂದಿನ ಒಂದೇ ಅಂತ ಹೇಳಿದ್ರೆ ವಾಸನೆ ವಾಪಸ್ ಬಂತು ಅಂತ ಬರೆದುಕೊಳ್ಳೋಣ ಅಂತಿದ್ದೆ.”

ಇಲಾಖೆಯವರನ್ನು ಮೋಸಗೊಳಿಸಿದ ನನ್ನ ಸಂತೋಷ ಅಲ್ಲಿಗೆ ಮುಗಿಯಿತು.

“ಈ ತಕ್ಕಡಿ, ಕೆಟಲ್ ಎಲ್ಲ ನನಗಾ?”

“ತೂಕ, ಸೆಕೆಂಡು ನೋಡೋಕೆ ಮೂಗು ಬೇಕಾಗಲ್ಲ. ಕೆಟಲ್‌ಗೆ ಗ್ಯಾಸೂ ಬೇಕಾಗಲ್ಲ. ನೀವಾಗೇ ಒಂದಿನ ಕೈಗೆ ತಗೊಳ್ತೀರಿ ಅಂದುಕೊಂಡೆ. ನೀವು ಬೈಯ್ತಾನೇ ಇದ್ರಿ.” ಅವರು ತಕ್ಕಡಿಯನ್ನು ನನ್ನ ಕಡೆಗೆ ಸರಿಸಿದರು. “ತಪ್ಪು ತೋರಿಸೋ ತಕ್ಕಡಿಗೆ ಮುದ್ರೆ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ ಅತ್ತೆ. ನಿಮ್ಮ ವಿಷಯದಲ್ಲಿ ಹನ್ನೊಂದು ತಿಂಗಳಿಂದ ಮುದ್ರೆ ಹಾಕ್ತಾ ಬಂದಿದ್ದೀನಿ. ಇವತ್ತು ಹೆದರಿಕೆ ಆಯ್ತು. ಇನ್ನು ನನ್ನ ಕೈಲಿ ಆಗಲ್ಲ.”

“ನೀವೇ ಅವಳಿಗೆ ಹೇಳಿಬಿಡಿ.”

“ನಾನು ಹೇಳಿದ್ರೆ ಅದು ದೂರು ಆಗುತ್ತೆ,” ಎಂದು ಎದ್ದು ಹೋದರು.

ಭಾನುವಾರ ರಾತ್ರಿ ಊಟದ ಹೊತ್ತಿಗೆ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಉಪ್ಪಿನ ವಿಷಯ ಮಾತಾಡಿದೆ. ಎದುರಿಗೆ ಕೂತ ಮಗಳ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ ಎಂದು ಗೊತ್ತಾಯಿತು. ಮೂಗಿನ ಜೊತೆ ಅದೂ ಹೋಗಿತ್ತೋ, ಮೊದಲಿನಿಂದಲೂ ಇರಲಿಲ್ಲವೋ.

ಸೋಮವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಒಲೆಯ ಮುಂದೆ ನಿಂತುಕೊಂಡು, ಸಿಲಿಂಡರಿನ ಮೇಲೆ ಅಂಟಿಸಿದ್ದ ದೂರಿನ ನಂಬರಿಗೆ ಫೋನ್ ಮಾಡಿದೆ. ಅಲ್ಲಿ ನಾಲ್ಕು ಜನ ಫೋನ್ ಎತ್ತುತ್ತಾರೆ. ಮೊದಲನೆಯ ಸಲ ಯಾರೋ ಗಂಡಸು ಎತ್ತಿದ, ಇಟ್ಟೆ. ಎರಡನೆಯ ಸಲವೂ ಅವನೇ. ಮೂರನೆಯ ಸಲ ಅವಳ ದನಿ ಬಂತು.

“ನಮಸ್ಕಾರ, ದೂರು ವಿಭಾಗ. ವಾಸನೆ ಬರ್ತಿದೆಯಾ?”

“ಇಲ್ಲ,” ಎಂದೆ. “ಒಂದೂವರೆ ವರ್ಷದಿಂದ ಬರ್ತಿಲ್ಲ. ಯಾವ ವಾಸನೆಯೂ ಬರ್ತಿಲ್ಲ. ನಿನ್ನೆ ಕಾಫಿ ಉಕ್ಕಿಸಿ ಉರಿ ಆರಿಸಿದ್ದು ನಾನು, ನಿನ್ನ ಗಂಡ ಅಲ್ಲ.”

ಆ ಕಡೆ ಪಕ್ಕದ ಮೇಜುಗಳಲ್ಲಿ ಬೇರೆಯವರು ಬೇರೆ ಯಾರನ್ನೋ ವಾಸನೆ ಬರುತ್ತಿದೆಯಾ ಎಂದು ಕೇಳುತ್ತಿದ್ದುದು ಮಾತ್ರ ಕೇಳುತ್ತಿತ್ತು.

“ರೆಗ್ಯುಲೇಟರ್ ಬಂದ್ ಮಾಡಿ,” ಎಂದಳು ಮಗಳು. ದಿನಾ ಹೇಳುವ ಮಾತೇ, ಬಹುವಚನದಲ್ಲೇ. “ಕಿಟಕಿ ತೆಗೆದಿಡಿ. ಯಾವ ಸ್ವಿಚ್ಚೂ ಮುಟ್ಟಬೇಡಿ.” ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಾಯಿತು. “ಅಮ್ಮ, ಅಲ್ಲೇ ಇರು. ಬರ್ತಿದ್ದೀನಿ.”

ಹನ್ನೊಂದು ವರ್ಷದಲ್ಲಿ ಅವಳು ಕೆಲಸದ ಮಧ್ಯೆ ಎದ್ದು ಬಂದದ್ದು ಅದೇ ಮೊದಲು. ಬಂದವಳು ಬಗ್ಗಿ ರೆಗ್ಯುಲೇಟರ್ ಕಳಚಿದಳು, ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು, ಜಿಪ್ ಎಳೆದಳು. ನಾನು ಭಯಪಟ್ಟದ್ದೆಲ್ಲ ಅಷ್ಟು ಚಿಕ್ಕ ಸದ್ದಿನಲ್ಲಿ ಮುಗಿದುಹೋಯಿತು. ಆಮೇಲೆ ಅಡುಗೆಮನೆಯ ನೆಲದ ಮೇಲೇ ಕೂತು ಅತ್ತಳು. “ಒಂದೂವರೆ ವರ್ಷ ಅಮ್ಮ. ಊರವರನ್ನೆಲ್ಲ ಕೇಳ್ತೀನಿ. ನಿನ್ನನ್ನ ಒಂದು ದಿನಾನೂ ಕೇಳಲಿಲ್ಲ.”

ಅವಳು ಬೈಯುತ್ತಾಳೆಂದು ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದೆ, ಒಂದೂ ಕೆಲಸಕ್ಕೆ ಬರಲಿಲ್ಲ. ಸುಮ್ಮನೆ ಕೆಟಲಿಗೆ ನೀರು ತುಂಬಿ ಗುಂಡಿ ಒತ್ತಿದೆ. ಹದಿನೈದು ಗ್ರಾಂ ತೂಗಿದೆ. ಒಂದು ಬೀಜ ಹೆಚ್ಚಾಯಿತು, ತೆಗೆದೆ. ಅಳಿಯಂದಿರು ನೋಡಿದ್ದರೆ ಪೆನ್ಶನ್ ಬಂದಷ್ಟು ಖುಷಿಪಡುತ್ತಿದ್ದರು. ಪುಡಿ ಮಾಡಿ, ಕಾಗದ ಹಾಸಿ, ಸ್ವಲ್ಪವೇ ನೀರು ಸುರಿದು, ಸ್ಟಾಪ್‌ವಾಚ್ ಹಿಡಿದು ನಿಂತೆ. ಪುಡಿ ನಿಜವಾಗಿಯೂ ಉಬ್ಬಿತು. ಮಗಳೂ ಅಷ್ಟರಲ್ಲಿ ಬಿಕ್ಕುವುದು ನಿಲ್ಲಿಸಿ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಳು. ಮೂವತ್ತು ಸೆಕೆಂಡು.

ಕಾಫಿ ಕೈಗಿಟ್ಟೆ. ಸಕ್ಕರೆ ಡಬ್ಬಿಗೆ ಕೈಹಾಕಲು ಹೋದವಳು ಒಂದು ಗುಟುಕು ಕುಡಿದು ಡಬ್ಬಿಯನ್ನು ಹಾಗೇ ಬಿಟ್ಟಳು.

“ಈಗ ನೀನು ಹೇಳು,” ಎಂದೆ. “ವಾಸನೆ ಬರ್ತಿದೆಯಾ?”

“ಬರ್ತಿದೆ ಅಮ್ಮ.”

“ಹೇಗೆ ಬರ್ತಿದೆ?”

“ಕಾಫಿ ವಾಸನೆ.”

“ಅದು ನನಗೂ ಗೊತ್ತು. ಹೇಗೆ ಅಂತ ಸರಿಯಾಗಿ ಹೇಳು.”

ಮಗಳು ಕಣ್ಣು ಮುಚ್ಚಿ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಯೋಚಿಸಿದಳು. “ನಾನು ಚಿಕ್ಕವಳಿದ್ದಾಗ ನೀನು ಕಾರ್ಖಾನೆಯಿಂದ ಬಂದು ಎತ್ತಿಕೊಳ್ತಿದ್ಯಲ್ಲ,” ಎಂದಳು. “ಆಗ ನಿನ್ನ ಕುತ್ತಿಗೆ ಹತ್ತಿರ ಬರ್ತಿತ್ತು, ಇದೇ ವಾಸನೆ.”

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಅವಳು ಕಪ್ಪಿನ ತಳ ಕಾಣುವವರೆಗೂ ಕುಡಿದಳು.